ಬೋಟಿನ ತಳದ ಚಿಪ್ಪು: ಎಲ್ಲಿ, ಯಾವಾಗ, ಹೇಗೆ ತೆಗೆಯಬೇಕು

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ರಜೆ. ಉತ್ತರ ಕನ್ನಡದ ಬೈತಖೋಲ್, ಬೇಲೆಕೇರಿ, ತದಡಿ, ಹೊನ್ನಾವರ, ಭಟ್ಕಳದ ಬೋಟುಗಳು ದಡ ಹತ್ತುವುದು ಆಗಲೇ, ತಳಕ್ಕೆ ಸ್ಕ್ರೇಪರ್ ತಾಗುವುದೂ ಆಗಲೇ. ಡೀಸೆಲ್ ಉಳಿಸಲು ತಳ ಕೆರೆಯಬೇಕು ಎಂಬುದನ್ನು ಬೋಟು ನಡೆಸುವ ಯಾವ ತಾಂಡೇಲನಿಗೂ ಹೇಳಿಕೊಡಬೇಕಾಗಿಲ್ಲ. ಆದರೆ ಕೆರೆದದ್ದು ಎಲ್ಲಿ ಬೀಳುತ್ತದೆ, ಆ ಚಿಪ್ಪು ಯಾವ ಊರಿನ ನೀರಲ್ಲಿ ಬೆಳೆದದ್ದು ಎಂದು ಕೇಳುವವರು ಕಡಿಮೆ. ಈ ಲೇಖನ ಹೆಚ್ಚಾಗಿ ಆ ಎರಡು ಪ್ರಶ್ನೆಗಳ ಸುತ್ತಲೇ ಇದೆ.

ನೆನಪಿಡಬೇಕಾದ ನಿಯಮ ಒಂದೇ: ಯಾವ ನೀರಿನಲ್ಲಿ ಚಿಪ್ಪು ಬೆಳೆಯಿತೋ ಆ ನೀರನ್ನು ಬಿಡುವ ಮೊದಲೇ ಅದನ್ನು ತೆಗೆಯಬೇಕು, ತೆಗೆದದ್ದು ಮತ್ತೆ ನೀರಿಗೆ ಬೀಳಬಾರದು. ಮಲ್ಪೆಯಿಂದಲೋ ಕೊಚ್ಚಿಯಿಂದಲೋ ಬಂದ ಬೋಟನ್ನು ಕಾರವಾರದ ದಕ್ಕೆಯಲ್ಲಿ ತೊಳೆದರೆ ಕೆಲಸ ತಡವಾಯಿತು ಎಂದೇ ಅರ್ಥ. ಹೊಸ ನೀರಿನ ಉಪ್ಪು, ಬಿಸಿ ಬೇರೆಯಾದಾಗ ಆ ಆಘಾತಕ್ಕೇ ಎಷ್ಟೋ ಚಿಪ್ಪುಜೀವಿಗಳು ಮೊಟ್ಟೆ, ವೀರ್ಯ ಬಿಡುತ್ತವೆ. ತಳಕ್ಕೆ ಅಂಟಿ ಕೂರುವ, ಸುಣ್ಣದ ಚಿಪ್ಪಿನ ಪುಟ್ಟ ಜೀವಿ ಬಾರ್ನಕಲ್ ತನ್ನ ಮೊಟ್ಟೆಗಳನ್ನು ಚಿಪ್ಪಿನೊಳಗೇ ಇಟ್ಟುಕೊಂಡಿರುತ್ತದೆ. ನೀರೊಳಗೆ ಅದನ್ನು ಜಜ್ಜಿದರೆ ಮರಿಗಳನ್ನು ಕೈಯಾರೆ ಬಿತ್ತಿದ ಹಾಗೆ.

ಏನು ಬೆಳೆಯುತ್ತದೆ, ಎಷ್ಟು ಬೇಗ

ಶುಭ್ರವಾದ ತಳ ನೀರಿಗಿಳಿದ ಕೆಲವು ಗಂಟೆಗಳಲ್ಲೇ ಬ್ಯಾಕ್ಟೀರಿಯಾ ಕೂರುತ್ತದೆ. ಕೆಲವು ದಿನಗಳಲ್ಲಿ ಡಯಾಟಮ್ ಎಂಬ ಸೂಕ್ಷ್ಮ ಪಾಚಿ ಸೇರಿ ಕೈಗೆ ಜಾರುವ ಲೋಳೆ ಕಟ್ಟುತ್ತದೆ. ಒಂದೆರಡು ವಾರದೊಳಗೆ ಬಾರ್ನಕಲ್ ಮರಿ ಬಂದು ಜಾಗ ಹುಡುಕುತ್ತದೆ. ಕೊನೆಯ ಹಂತದ ಈ ಮರಿ ಏನನ್ನೂ ತಿನ್ನುವುದಿಲ್ಲ. ಒಳ್ಳೆಯ ಜಾಗ ಸಿಕ್ಕಿದರೆ ತಲೆ ಕೆಳಗೆ ಮಾಡಿ ಅಂಟು ಸುರಿಸಿ ಕೂತುಬಿಡುತ್ತದೆ, ಆಮೇಲೆ ಸಾಯುವವರೆಗೂ ಏಳುವುದಿಲ್ಲ. ಅದರ ಜೊತೆಗೆ ಸುಣ್ಣದ ಕೊಳವೆಯ ಹುಳುಗಳು, ಕಲಗ (ಆಯ್ಸ್ಟರ್), ನೀಲಿಕಲ್ಲು (ಮಸೆಲ್), ಪೊದೆಯಂಥ ಬ್ರಯೊಜೋವಾ ಜೀವಿಗಳು, ರಬ್ಬರಿನಂತಿರುವ ಸಮುದ್ರಪಿಚಕಾರಿಗಳು ಸೇರುತ್ತವೆ. ನಮ್ಮ ಬೆಚ್ಚಗಿನ ನೀರಿನಲ್ಲಿ ಬಾರ್ನಕಲ್ ಒಂದೆರಡು ತಿಂಗಳೊಳಗೆ ತಾನೇ ಮರಿ ಬಿಡುವಷ್ಟಾಗುತ್ತದೆ. ಹಾಗಾಗಿ ಅಕ್ಟೋಬರಿನಲ್ಲಿ ಬಿಟ್ಟದ್ದನ್ನು ಮೇ ತಿಂಗಳಲ್ಲಿ ನೋಡುವುದೆಂದರೆ ಹಲವು ತಲೆಮಾರುಗಳ ಮೇಲೆ ಕೂತಿರುವುದನ್ನು ನೋಡಿದಂತೆ.

ಲೋಳೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಸುಮಾರು 15 ನಾಟ್ ವೇಗದಲ್ಲಿ ಓಡುವ ಒಂದು ಯುದ್ಧನೌಕೆಯ ಮೇಲೆ ಮಾಡಿದ ಪ್ರಸಿದ್ಧ ಲೆಕ್ಕಾಚಾರದಲ್ಲಿ ದಪ್ಪ ಲೋಳೆಯೊಂದರಿಂದಲೇ ಎಂಜಿನ್‌ಗೆ ಬೇಕಾದ ಶಕ್ತಿ 21% ಏರಿತು, ಸಣ್ಣ ಚಿಪ್ಪಿಗೆ 35%, ದಟ್ಟ ಚಿಪ್ಪಿಗೆ 86%. ಟ್ರಾಲ್ ಬೋಟಿಗೆ ಇದೇ ಅಂಕಿ ಹೊಂದಬೇಕೆಂದಿಲ್ಲ, ಏರಿಕೆಯ ಕ್ರಮ ಮಾತ್ರ ಇದೇ.

ಮಳೆಗಾಲದ ವಿಚಾರ ಇಲ್ಲಿ ಮುಖ್ಯ. ಅಣೆಕಟ್ಟಿಲ್ಲದ ಅಘನಾಶಿನಿ ಜುಲೈ ಹೊತ್ತಿಗೆ ಅಳಿವೆಯನ್ನು ಬಹುಮಟ್ಟಿಗೆ ಸಿಹಿ ಮಾಡಿಬಿಡುತ್ತದೆ. ಕಾಳಿ, ಶರಾವತಿ ಅಳಿವೆಗಳಲ್ಲೂ ಉಪ್ಪು ಕುಸಿಯುತ್ತದೆ. ಅಪ್ಪಟ ಕಡಲಿನ ಚಿಪ್ಪುಗಳು ಇದಕ್ಕೆ ತಾಳದೆ ಸಾಯುತ್ತವೆ. ಬೋಟನ್ನು ಹೊಳೆಯ ಮೇಲ್ಭಾಗಕ್ಕೆ ಒಯ್ದು ಕಟ್ಟಿ ಚಿಪ್ಪು ಸಾಯಿಸುವ ಉಪಾಯದ ಹಿಂದಿರುವುದು ಇದೇ. ಸ್ಥಳೀಯ ಬೋಟು, ಸ್ಥಳೀಯ ಚಿಪ್ಪು ಆದರೆ ಇದು ಸರಿ. ಹೊರಗಿನಿಂದ ಬಂದ ಬೋಟಿಗೆ ಈ ಉಪಾಯವೇ ಅಪಾಯ. ಯಾಕೆಂದರೆ ನಾವು ಹೆದರಬೇಕಾದ ಜೀವಿಗಳು ಅಳಿವೆಯ ಜೀವಿಗಳು, ಉಪ್ಪು ತೀರಾ ಇಳಿದರೂ ಬದುಕುತ್ತವೆ. ಅವನ್ನು ಹೊಳೆಗೆ ಒಯ್ದರೆ ಬೇಕಾದ ಮನೆಗೇ ತಲುಪಿಸಿದಂತೆ.

ಹೊರಗಿನವರು ಯಾರು

ಎರಡು ಚಿಪ್ಪುಗಳನ್ನು ಈ ಕರಾವಳಿಯವರು ಗುರುತಿಟ್ಟುಕೊಂಡರೆ ಸಾಕು, ಅರ್ಧ ಕೆಲಸ ಆಯಿತು.

ಮೊದಲನೆಯದು ಮೈಟೆಲ್ಲಾ ಸ್ಟ್ರೈಗಾಟಾ. ಮೂಲ ಮಧ್ಯ ಮತ್ತು ದಕ್ಷಿಣ ಅಮೆರಿಕದ ಕರಾವಳಿ. 2016ರಿಂದ ಸಿಂಗಪುರದಲ್ಲಿ ದಟ್ಟವಾಗಿ ಹಬ್ಬಿತು. 2018–19ರ ಹೊತ್ತಿಗೆ ಕೇರಳದ ಕೊಚ್ಚಿ ಹಿನ್ನೀರಿನಲ್ಲಿ ಕಾಣಿಸಿಕೊಂಡು, ಕೊಲ್ಲಂ ಬಳಿಯ ಅಷ್ಟಮುಡಿ ಸರೋವರದಲ್ಲೂ ಹರಡಿದೆ. ಅಲ್ಲಿಯವರು ಅದನ್ನು 'ವರತ್ತನ್ ಕಕ್ಕ' ಎನ್ನುತ್ತಾರೆ, ವಲಸೆ ಬಂದ ಚಿಪ್ಪು ಎಂದು. ಸಾಮಾನ್ಯವಾಗಿ 2ರಿಂದ 4 ಸೆಂ.ಮೀ. ಉದ್ದ, ಕಪ್ಪು ಅಥವಾ ಕಂದು ಬಣ್ಣ, ಕೆಲವೊಮ್ಮೆ ಹಸಿರು ಛಾಯೆ, ಒಳಗೆ ನೇರಳೆ. ನಮ್ಮ ನೀಲಿಕಲ್ಲಿನ ಮರಿ ಎಂದು ಮೋಸ ಹೋಗುವುದು ಸುಲಭ. ನೀಲಿಕಲ್ಲಿಗೆ ಅಂಚಿನಲ್ಲಿ ಎದ್ದು ಕಾಣುವ ಹಸಿರು ಇರುತ್ತದೆ, ಬಿಟ್ಟರೆ ಅಂಗೈ ಉದ್ದಕ್ಕೂ ಬೆಳೆಯುತ್ತದೆ. ಗುಂಪು ತುಂಬ ದಟ್ಟವಾಗಿದ್ದು, ಎಲ್ಲವೂ ಹೆಬ್ಬೆರಳಿಗಿಂತ ಚಿಕ್ಕದಾಗಿ, ಕಪ್ಪಗೆ ಕಂಡರೆ ಸಂಶಯಪಡಿ.

ಎರಡನೆಯದು ಮೈಟಿಲಾಪ್ಸಿಸ್ ಸಲ್ಲೈ. ಕೆರಿಬಿಯನ್ ಕಡೆಯದು. ವಿಶಾಖಪಟ್ಟಣದಲ್ಲಿ 1967ರಲ್ಲೇ ಸಿಕ್ಕಿತ್ತು, ಆಮೇಲೆ ಮುಂಬೈ ಬಂದರಿಗೂ ಬಂತು. ಸುಮಾರು 2–3 ಸೆಂ.ಮೀ. ಗಾತ್ರ. ಗುರುತು ಹಿಡಿಯಲು ಒಂದು ಖಚಿತ ದಾರಿ ಇದೆ: ಚಿಪ್ಪನ್ನು ಬಿಡಿಸಿ ಚೂಪಾದ ತುದಿಯ ಒಳಮೂಲೆ ನೋಡಿ. ಅಲ್ಲಿ ಪುಟ್ಟ ಅಟ್ಟದಂತೆ ಅಡ್ಡ ಹಲಗೆಯೊಂದು ಇದ್ದರೆ ಇದೇ. ನೀಲಿಕಲ್ಲಿಗೂ ಮೈಟೆಲ್ಲಾಗೂ ಆ ಹಲಗೆ ಇರುವುದಿಲ್ಲ. 1999ರಲ್ಲಿ ಆಸ್ಟ್ರೇಲಿಯಾದ ಡಾರ್ವಿನ್‌ನಲ್ಲಿ ಇದು ಕಂಡ ಕೂಡಲೇ ದೋಣಿ ನಿಲ್ದಾಣಗಳ ಬಾಗಿಲು ಮುಚ್ಚಿ ಕ್ಲೋರಿನ್, ಮೈಲುತುತ್ತ ಸುರಿದು ನಿರ್ಮೂಲ ಮಾಡಿದರು. ಬಾಗಿಲು ಮುಚ್ಚಲು ಬರುವ ಜಾಗವಾದ್ದರಿಂದ ಅದು ಸಾಧ್ಯವಾಯಿತು. ಅಘನಾಶಿನಿಗೆ ಬಾಗಿಲು ಎಲ್ಲಿದೆ?

ಅಘನಾಶಿನಿ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಮಿರ್ಜಾನ, ಐಗಳಕುರ್ವೆ, ತದಡಿ ಕಡೆ ಎಷ್ಟೋ ಮನೆಗಳ ಸಂಪಾದನೆ ತಿನ್ನುವ ಚಿಪ್ಪುಗಳಾದ ಬಳಚು, ಕಲಗದಿಂದ. ಬಳಚು ಮರಳು-ಕೆಸರಿನಲ್ಲಿ ಹುದುಗಿ ಬದುಕುವುದು. ಮೈಟೆಲ್ಲಾದಂಥ ಚಿಪ್ಪು ದಾರ ಬಿಟ್ಟು ಒಂದಕ್ಕೊಂದು ಹೆಣೆದುಕೊಂಡು ನೆಲದ ಮೇಲೆ ಚಾಪೆಯಂತೆ ಹರಡುತ್ತದೆ. ಕೆಳಗಿರುವುದಕ್ಕೆ ನೀರೂ ಇಲ್ಲ, ಆಹಾರವೂ ಇಲ್ಲ. ತದಡಿ ಬಂದರು ಇರುವುದು ಇದೇ ಅಳಿವೆಯ ಬಾಯಲ್ಲಿ.

ಯಾವ ಹಡಗು ಹೆಚ್ಚು ಅಪಾಯಕಾರಿ? ದೊಡ್ಡ ಹಡಗನ್ನೇ ಎಲ್ಲರೂ ಬೊಟ್ಟು ಮಾಡುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಮೊದಲ ಸ್ಥಾನ ನಿಧಾನವಾಗಿ ಚಲಿಸುವ, ತಿಂಗಳುಗಟ್ಟಲೆ ಒಂದೇ ಕಡೆ ನಿಲ್ಲುವ ಬಾರ್ಜ್, ಡ್ರೆಜರ್, ಟಗ್, ತೇಲುವ ಪಾಂಟೂನ್‌ಗಳದು. ಬಂದರಿನ ಕಾಮಗಾರಿಗೆ ಎಲ್ಲಿಂದಲೋ ಎಳೆದು ತಂದವು ಇವು. ಎರಡನೆಯದು ಕೇರಳದಿಂದ ಕೊಂಡು ತರುವ ಹಳೆಯ ಬೋಟು. ಡಾಂಬರು, ಎಣ್ಣೆ ತಂದು ಎರಡು ದಿನದಲ್ಲಿ ಹೋಗುವ ವಾಣಿಜ್ಯ ಹಡಗು ಆಮೇಲಿನದು. ವೇಗವಾಗಿ ಓಡುವ ಹಡಗಿನ ಚಪ್ಪಟೆ ಮೈಯಲ್ಲಿ ಹೆಚ್ಚು ನಿಲ್ಲುವುದಿಲ್ಲ, ಅದರ ಗೂಡುಗಳಲ್ಲಿ ಮಾತ್ರ ನಿಲ್ಲುತ್ತದೆ. ದಿನಾ ಸಂಜೆ ಮರಳಿಗೆ ಎಳೆದು ಹಾಕುವ ನಾಡದೋಣಿಯ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಮೊದಲು ನೋಡಿ, ಆಮೇಲೆ ಕೆರೆಯಿರಿ

ಬೋಟು ಮೇಲೆ ಬಂದ ದಿನವೇ, ಒಣಗುವ ಮೊದಲು, ಮೊಬೈಲ್‌ನಲ್ಲಿ ಚಿತ್ರ ತೆಗೆಯಿರಿ. ಮೂತಿ, ಎರಡೂ ಪಕ್ಕ, ಹಿಂಬದಿ, ನೀರಿನ ಗೆರೆ, ಇಷ್ಟು ಸಾಲದು. ಚಿಪ್ಪು ಬದುಕುವುದು ನೀರಿನ ರಭಸ ತಾಗದ ಕಡೆ. ಆದ್ದರಿಂದ ಬೋಟಿನ ಬೆನ್ನೆಲುಬಾದ ಕೀಲ್‌ನ ತಳಭಾಗ, ಚುಕ್ಕಾಣಿಯ ಹಿಂಜು ಮತ್ತು ಸಂದು, ಫ್ಯಾನ್ (ಪ್ರೊಪೆಲ್ಲರ್) ಹಾಗೂ ಅದರ ಶಾಫ್ಟ್ ಹೊರಬರುವ ಟ್ಯೂಬಿನ ಬಾಯಿ, ಎಂಜಿನ್‌ಗೆ ಕಡಲನೀರು ಎಳೆಯುವ ತೂತು ಮತ್ತು ಅದರ ಜಾಲರಿ, ತಳಕ್ಕೆ ಹಾಕಿದ ಕೂಲಿಂಗ್ ಪೈಪ್, ಎಕೋ ಸೌಂಡರ್ ಕೂತಿರುವ ಗೂಡು, ತುಕ್ಕು ತಡೆಯಲು ಹಾಕುವ ಸಿಂಕ್ (ಸತು) ಪ್ಲೇಟಿನ ಹಿಂಬದಿ ಇವನ್ನೆಲ್ಲ ಟಾರ್ಚ್ ಬಿಟ್ಟು ನೋಡಬೇಕು. ಹಿಂದಿನ ಸಲ ಪೇಂಟ್ ಮಾಡುವಾಗ ಮರದ ದಿಮ್ಮಿ ಆಧಾರವಾಗಿ ನಿಂತಿದ್ದ ಜಾಗಕ್ಕೆ ಬಣ್ಣವೇ ತಾಗಿರುವುದಿಲ್ಲ. ಚೌಕಾಕಾರವಾಗಿ ಚಿಪ್ಪು ಕಟ್ಟಿರುವುದು ಅಲ್ಲೇ.

ಎಷ್ಟಿದೆ ಎಂದು ಅಳೆಯಲು ಅಂತರರಾಷ್ಟ್ರೀಯ ಕಡಲ ಸಂಸ್ಥೆಯ 2023ರ ಮಾರ್ಗಸೂಚಿಯ ಅಳತೆ ಸಾಕು. 0 ಎಂದರೆ ಏನೂ ಇಲ್ಲ. 1 ಎಂದರೆ ಲೋಳೆ ಮಾತ್ರ. ಕಣ್ಣಿಗೆ ಕಾಣುವ ಜೀವಿಗಳು ಮೈಯ 1ರಿಂದ 15% ಮುಚ್ಚಿದ್ದರೆ 2, 16ರಿಂದ 40% ಆದರೆ 3, ಅದಕ್ಕೂ ಮೇಲೆ 4. ಒಂದರಲ್ಲಿ ಮೃದುವಾಗಿ ಒರೆಸಿದರೆ ಸಾಕು. 2 ಅಥವಾ ಅದಕ್ಕಿಂತ ಹೆಚ್ಚಾದರೆ ಕೆರೆದದ್ದನ್ನೆಲ್ಲ ಹಿಡಿದಿಡುವ ವ್ಯವಸ್ಥೆ ಬೇಕು. 4 ಆಗಿದ್ದರೆ ಪೇಂಟೇ ಸತ್ತಿದೆ ಎಂದು ತಿಳಿದು ದಡದಲ್ಲಿ ಹೊಸದಾಗಿ ಬಳಿಯಬೇಕು.

ಕೆರೆಯುವ ಕ್ರಮ

1. ಜಾಗ: ದೊಡ್ಡ ಉಬ್ಬರದ ನೀರು ಮುಟ್ಟುವ ಗೆರೆಯಿಂದ ಮೇಲೆ. ಇಳಿತದಲ್ಲಿ ಬೋಟನ್ನು ಮರಳಿಗೆ ಮಲಗಿಸಿ ಕೆರೆದು, ಉಬ್ಬರ ಬಂದಾಗ ಎಲ್ಲ ತೊಳೆದುಕೊಂಡು ಹೋಗಲಿ ಎನ್ನುವುದು ಅಗ್ಗದ ಪದ್ಧತಿ, ಅತ್ಯಂತ ಕೆಟ್ಟದ್ದೂ ಅದೇ.

2. ತಳಕ್ಕೆ ದಪ್ಪ ಟಾರ್ಪಾಲು ಹಾಸಿ, ಬೋಟಿನ ಅಗಲಕ್ಕಿಂತ ಎರಡೂ ಪಕ್ಕ ಕನಿಷ್ಠ 1.5 ಮೀಟರ್ ಹೊರಗೆ ಬರುವಂತೆ. ಅಂಚುಗಳ ಕೆಳಗೆ ಮರಳಿನ ಚೀಲ ಇಟ್ಟು ಎತ್ತರಿಸಿ. ತೊಳೆದ ನೀರು ನಿಲ್ಲಲು ಒಂದು ಮೂಲೆ ತಗ್ಗಾಗಿರಲಿ, ಅಲ್ಲಿ ಗೋಣಿಚೀಲದ ಎರಡು ಪದರದಿಂದ ಸೋಸಿ.

3. ಹಸಿಯಾಗಿದ್ದಾಗಲೇ ಕೆರೆಯಿರಿ. ಮೇಲೆ ಬಂದ ಮೊದಲ ದಿನ ಬಾರ್ನಕಲ್ ಬುಡ ಸಡಿಲವಾಗಿರುತ್ತದೆ. ನಾಲ್ಕು ದಿನ ಬಿಸಿಲಿಗೆ ಬಿಟ್ಟರೆ ಜೀವಿ ಸಾಯುತ್ತದೆ, ಬುಡದ ಬಿಲ್ಲೆ ಮಾತ್ರ ಸಿಮೆಂಟಿನಂತೆ ಉಳಿಯುತ್ತದೆ. ಆ ಬಿಲ್ಲೆಯ ಮೇಲೇ ಪೇಂಟ್ ಬಳಿದರೆ ತಿಂಗಳೊಳಗೆ ಬಣ್ಣದ ಸಮೇತ ಕಿತ್ತುಬರುತ್ತದೆ.

4. ಕಬ್ಬಿಣದ ಬೋಟಿಗೆ ಅಗಲ ಸ್ಕ್ರೇಪರ್, ಆಮೇಲೆ 150–200 ಬಾರ್ ಒತ್ತಡದ ನೀರು. ಮರಕ್ಕೆ, ಫೈಬರಿಗೆ ಒತ್ತಡ 100 ಬಾರ್ ದಾಟದಿರಲಿ, ನಳಿಗೆ ಮೈಯಿಂದ ಒಂದು ಅಡಿ ದೂರವಿರಲಿ. ಫೈಬರಿಗೆ ಪ್ಲಾಸ್ಟಿಕ್ ಅಥವಾ ಮರದ ಸ್ಕ್ರೇಪರ್ ಸಾಕು. ಕಬ್ಬಿಣದ ಮೂಲೆ ತಾಗಿ ಹೊರಪದರ ಸೀಳಿದರೆ ಅಲ್ಲಿಂದ ನೀರು ಒಳಗಿಳಿದು ಗುಳ್ಳೆ ಏಳುತ್ತದೆ.

5. ಕೊನೆಗೆ ಸಿಹಿನೀರಿನಿಂದ ಪೂರ್ತಿ ತೊಳೆಯಿರಿ. ಉಪ್ಪಿನ ಕಣ ಉಳಿದರೆ ಅದು ಪೇಂಟಿನಡಿ ನೀರನ್ನು ಎಳೆದುಕೊಂಡು ಗುಳ್ಳೆ ಎಬ್ಬಿಸುತ್ತದೆ. ಕಡಲಂಚಿನ ಬೋರ್‌ವೆಲ್ ನೀರು ಬೇಸಿಗೆಯ ಕೊನೆಗೆ ಉಪ್ಪಾಗುವುದುಂಟು. ನಾಲಿಗೆಗೆ ಉಪ್ಪು ತಿಳಿದರೆ ಟ್ಯಾಂಕರ್ ನೀರು ತರಿಸಿ.

6. ಕೆರೆದ ಚಿಪ್ಪನ್ನು ಚೀಲಗಳಲ್ಲಿ ಬಿಗಿದು ರಾಶಿ ಹಾಕಬೇಡಿ. ನೆರಳಿನ, ತೇವದ ರಾಶಿಯ ನಡುವೆ ಚಿಪ್ಪು ಬಾಯಿ ಮುಚ್ಚಿಕೊಂಡು ದಿನಗಟ್ಟಲೆ ಬದುಕುತ್ತದೆ. ತೆಳ್ಳಗೆ ಹರಡಿ ಕನಿಷ್ಠ ಒಂದು ವಾರ ಒಣಗಿಸಿ. ಮಳೆ ಹಿಡಿದಿದ್ದರೆ ಕುದಿಯುವ ನೀರು ಸುರಿದು ಸಾಯಿಸಿ, ಆಮೇಲೆ ವಿಲೇವಾರಿ ಮಾಡಿ.

ಕೈಗವಸು, ಕಣ್ಣಿಗೆ ಕನ್ನಡಕ, ಒಣ ಪೇಂಟ್ ಉಜ್ಜುವಾಗ ಧೂಳು ತಡೆಯುವ ಮಾಸ್ಕ್ ಬೇಕೇಬೇಕು. ಬಾರ್ನಕಲ್ ಕೊಯ್ದ ಗಾಯ ಬೇಗ ಕೀವು ಕಟ್ಟುತ್ತದೆ. ಪೇಂಟಿನ ಪುಡಿಯಲ್ಲಿರುವ ತಾಮ್ರ ಶ್ವಾಸಕ್ಕೆ ಒಳ್ಳೆಯದಲ್ಲ.

ಪೇಂಟಿನ ಚೂರು ಅಂಟಿರುವ ಚಿಪ್ಪನ್ನು ತೆಂಗಿನ ಬುಡಕ್ಕೆ ಹಾಕಬೇಡಿ, ಸುಣ್ಣದ ಗೂಡಿಗೂ ಕೊಡಬೇಡಿ. ತಾಮ್ರ ಮಣ್ಣಿನಲ್ಲಿ ಕರಗಿ ಹೋಗುವ ವಸ್ತುವಲ್ಲ. ಪೇಂಟ್ ಚೂರು, ಉಜ್ಜಿದ ಪುಡಿ, ಬ್ರಷ್, ಖಾಲಿ ಡಬ್ಬಿ ಇವನ್ನು ಬೇರೆ ಚೀಲದಲ್ಲಿ ಕಟ್ಟಿ ಅಪಾಯಕಾರಿ ತ್ಯಾಜ್ಯವೆಂದು ಕೊಡಬೇಕು.

ಕಣ್ಣಿಗೆ ಕಾಣದ ಪೈಪುಗಳು

ಹೊರಮೈ ಫಳಫಳ ಹೊಳೆಯುವ ಬೋಟಿನ ಕೂಲಿಂಗ್ ಪೈಪಿನೊಳಗೆ ನೀಲಿಕಲ್ಲು ಕೂತಿರುವುದು ಅಪರೂಪವೇನಲ್ಲ. ಎಂಜಿನ್ ಬಿಸಿಯಾಗುತ್ತಿದೆ, ಹೊರಬೀಳುವ ನೀರಿನ ಧಾರೆ ಸಣ್ಣಗಾಗಿದೆ ಎಂದರೆ ಮೊದಲು ನೋಡಬೇಕಾದ್ದು ಇಲ್ಲಿ. ಜಾಲರಿ ಬಿಚ್ಚಿ ತೊಳೆಯಿರಿ. ಪೈಪಿಗೆ ಸಿಹಿನೀರು ತುಂಬಿ ವಾಲ್ವ್ ಮುಚ್ಚಿಡುವುದು ಸುಲಭದ ದಾರಿ. ಆದರೆ ಒಂದು ರಾತ್ರಿ ಸಾಲದು, ಚಿಪ್ಪು ಬಾಯಿ ಮುಚ್ಚಿ ಕಾಯುತ್ತದೆ. ಮೂರು ದಿನ ಬಿಟ್ಟು, ನೀರು ಬದಲಿಸಿ, ಮತ್ತೆ ಮೂರು ದಿನ ಬಿಡಿ. ಮೇಲೆ ಹೇಳಿದ ಅಳಿವೆಯ ಚಿಪ್ಪುಗಳಿಗೆ ಇದೂ ಸಾಲದು. ಹೊರಗಿನಿಂದ ಬಂದ ಬೋಟಾದರೆ 60 ಡಿಗ್ರಿ ಸೆಲ್ಸಿಯಸ್ ನೀರನ್ನು ಹತ್ತು ನಿಮಿಷಕ್ಕೂ ಹೆಚ್ಚು ಕಾಲ ಸುತ್ತು ಹೊಡೆಸಬೇಕು. ಹೊರಬರುವ ನೀರಿನ ಬಿಸಿ ಅಳೆಯಿರಿ, ಒಳಹೋಗುವ ನೀರಿನದ್ದಲ್ಲ. ರಬ್ಬರ್ ಇಂಪೆಲ್ಲರ್ ಇರುವ ಪಂಪನ್ನು ಆಗ ಕಳಚಿಡಿ. ಸತ್ತ ಚಿಪ್ಪು ಬಿಡಿಸಿಕೊಂಡು ಬಂದು ಮುಂದೆ ಎಲ್ಲೋ ಸಿಕ್ಕಿಕೊಳ್ಳುತ್ತದೆ. ನೀರಿಗಿಳಿಸಿದ ಮೊದಲ ಎರಡು ದಿನ ಜಾಲರಿಯನ್ನು ದಿನಾ ಬಿಚ್ಚಿ ನೋಡಬೇಕು.

ಪೇಂಟ್: ಲೆಕ್ಕ, ಮಳೆ, ತಪ್ಪುಗಳು

ಎಷ್ಟು ಪೇಂಟ್ ಬೇಕೆಂದು ಅಂದಾಜಿನಲ್ಲಿ ತಂದು, ಸಾಲದಾಗ ತಿನ್ನರ್ ಬೆರೆಸಿ ಎಳೆಯುವುದೇ ಎಷ್ಟೋ ವೈಫಲ್ಯದ ಮೂಲ. ಲೆಕ್ಕ ಕಷ್ಟವಿಲ್ಲ. ನೀರಿನ ಗೆರೆಯ ಉದ್ದವನ್ನು, ಅಗಲ ಮತ್ತು ಮುಳುಗುವ ಆಳದ ಮೊತ್ತದಿಂದ ಗುಣಿಸಿ. ಹೊಟ್ಟೆ ತುಂಬಿದ ಟ್ರಾಲ್ ಬೋಟಿಗೆ ಅದೇ ಅಂಕಿ, ತೆಳು ಮೈಯ ಫೈಬರ್ ದೋಣಿಗೆ ಅದರ ಮುಕ್ಕಾಲು. 14 ಮೀಟರ್ ಉದ್ದ, 4.2 ಅಗಲ, 1.6 ಆಳದ ಬೋಟಿಗೆ 14 × 5.8, ಅಂದರೆ ಸುಮಾರು 81 ಚದರ ಮೀಟರ್.

ಡಬ್ಬಿಯ ಮಾಹಿತಿ ಹಾಳೆಯಲ್ಲಿ ಘನಾಂಶ ಶೇಕಡಾ ಎಷ್ಟೆಂದು ಇರುತ್ತದೆ. ಅದನ್ನು 10ರಿಂದ ಗುಣಿಸಿ, ಒಣಗಿದ ಮೇಲೆ ಬೇಕಾದ ದಪ್ಪದಿಂದ ಭಾಗಿಸಿದರೆ ಒಂದು ಲೀಟರ್ ಎಷ್ಟು ಚದರ ಮೀಟರ್‌ಗೆ ಬರುತ್ತದೆಂದು ಸಿಗುತ್ತದೆ. ಘನಾಂಶ 50%, ದಪ್ಪ 100 ಮೈಕ್ರಾನ್ ಎಂದಾದರೆ ಲೀಟರಿಗೆ 5 ಚದರ ಮೀಟರ್. 81 ಚದರ ಮೀಟರ್‌ಗೆ ಸುಮಾರು 16 ಲೀಟರ್, ರೋಲರ್‌ಗೆ ಹಿಡಿಯುವುದು, ಚೆಲ್ಲುವುದು ಎಂದು ಕಾಲು ಪಾಲು ಸೇರಿಸಿದರೆ 20. ಒಂದು ಕೋಟು ಬಳಿಯಲು 20 ಲೀಟರಿನ ಒಂದು ಡ್ರಮ್, ಎರಡು ಕೋಟು ಬಳಿಯಲು ಎರಡು. ಹಸಿ ಇರುವಾಗ ದಪ್ಪ 200 ಮೈಕ್ರಾನ್ ಇರಬೇಕು. ಬಾಚಣಿಗೆಯಂಥ ವೆಟ್ ಫಿಲ್ಮ್ ಗೇಜ್ ಒತ್ತಿ ನೋಡಿದರೆ ತಿಳಿಯುತ್ತದೆ.

ಕಬ್ಬಿಣಕ್ಕೆ ಕ್ರಮ ಹೀಗೆ: ತುಕ್ಕು ತೆಗೆದು ಲೋಹ ಕಾಣುವಂತೆ ಉಜ್ಜಿ, ಎಪಾಕ್ಸಿ ಪ್ರೈಮರ್ ಎರಡು ಕೋಟು, ಮಧ್ಯದ ಅಂಟುಕೋಟು ಒಂದು, ಆಮೇಲೆ ಚಿಪ್ಪು ಕೂರದಂತೆ ತಡೆಯುವ ಆಂಟಿಫೌಲಿಂಗ್ ಪೇಂಟ್ ಎರಡು. ತಾಮ್ರದ ಆಂಟಿಫೌಲಿಂಗ್ ಬರಿ ಕಬ್ಬಿಣಕ್ಕೆ ತಾಗಿದರೆ ಕಬ್ಬಿಣವೇ ತಿನ್ನಿಸಿಕೊಳ್ಳುತ್ತದೆ. ಅಲ್ಯೂಮಿನಿಯಂ ಬೋಟಿಗಂತೂ ತಾಮ್ರದ ಪೇಂಟ್ ಬೇಡವೇ ಬೇಡ. ಸಿಂಕ್ ಪ್ಲೇಟಿಗೆ, ಎಕೋ ಸೌಂಡರ್ ಮುಖಕ್ಕೆ ಬಣ್ಣ ಬಳಿಯಬಾರದು. ಬಳಿಯುವ ಮೊದಲು ಟೇಪ್ ಅಂಟಿಸಿ, ನೀರಿಗಿಳಿಸುವ ಮೊದಲು ಕಿತ್ತುಹಾಕಿ. ಅಂಟಿಸುವುದು ನೆನಪಿರುತ್ತದೆ, ಕೀಳುವುದು ಮರೆಯುತ್ತದೆ.

ನಮ್ಮ ಊರಿನ ನಿಜವಾದ ಸಮಸ್ಯೆ ಮಳೆ. ಗಾಳಿಯ ತೇವಾಂಶ 85% ದಾಟಿದರೆ ಪೇಂಟ್ ಮಾಡಬಾರದು, ಲೋಹದ ಬಿಸಿ ಇಬ್ಬನಿ ಕಟ್ಟುವ ಬಿಸಿಗಿಂತ ಕನಿಷ್ಠ 3 ಡಿಗ್ರಿ ಮೇಲಿರಬೇಕು ಎಂದು ಹೆಚ್ಚಿನ ಪೇಂಟುಗಳ ಮಾಹಿತಿ ಹಾಳೆಯಲ್ಲಿ ಬರೆದಿರುತ್ತದೆ. ಜೂನ್, ಜುಲೈನಲ್ಲಿ ಕಾರವಾರದಲ್ಲಿ ಅಂಥ ಗಳಿಗೆ ಸಿಗುವುದೇ ಅಪರೂಪ. ಆದ್ದರಿಂದ ಕೆಲಸವನ್ನು ಒಡೆಯಬೇಕು. ಮೇ ಕೊನೆಯಲ್ಲಿ ದಡ ಹತ್ತಿದ ಕೂಡಲೇ ಕೆರೆದು, ತೊಳೆದು, ಮಳೆ ಹಿಡಿಯುವ ಮೊದಲೇ ಪ್ರೈಮರ್ ಮುಗಿಸಿ. ಆಂಟಿಫೌಲಿಂಗ್ ಜುಲೈ ಕೊನೆಗೆ ಇರಲಿ. ಹೆಚ್ಚಿನವು ಹೊರಗೆ ತಿಂಗಳುಗಟ್ಟಲೆ ಬಿಸಿಲು ಮಳೆಗೆ ನಿಂತರೆ ಗುಣ ಕಳೆದುಕೊಳ್ಳುತ್ತವೆ, ನೀರಿಗಿಳಿಸಲು ಗರಿಷ್ಠ ಎಷ್ಟು ದಿನ ಎಂಬುದು ಮಾಹಿತಿ ಹಾಳೆಯಲ್ಲಿರುತ್ತದೆ. ಪ್ರೈಮರ್ ಹಾಕಿ ಎರಡು ತಿಂಗಳಾದ್ದರಿಂದ ಅದರ ಮೇಲ್ಮೈಯನ್ನು 120 ನಂಬರ್ ಕಾಗದದಿಂದ ಉಜ್ಜಿ, ತೊಳೆದು, ಮತ್ತೊಂದು ಅಂಟುಕೋಟು ಹಾಕಿಯೇ ಮುಂದುವರಿಯಬೇಕು. ಆ ಅಂಟುಕೋಟನ್ನು ಹೆಬ್ಬೆರಳಿನಿಂದ ಒತ್ತಿದರೆ ಗುರುತು ಬೀಳಬೇಕು, ಬೆರಳಿಗೆ ಬಣ್ಣ ಹತ್ತಬಾರದು. ಆಂಟಿಫೌಲಿಂಗ್ ಹಾಕುವ ಸಮಯ ಅದು.

ಬೋಟಿನ ಮೇಲೆ ಟಾರ್ಪಾಲು ಚಪ್ಪರ ಕಟ್ಟಿ, ಪಕ್ಕಗಳಲ್ಲಿ ಗಾಳಿಯಾಡಲು ಬಿಡಿ. ಎಲ್ಲ ಮುಚ್ಚಿದರೆ ಒಳಗೆ ಬೆವರು ಕಟ್ಟುತ್ತದೆ. ಹನ್ನೊಂದರಿಂದ ಮೂರರವರೆಗಿನ ಹೊಳವು ನೋಡಿಕೊಳ್ಳಿ. ಮೀಟರ್ ಇಲ್ಲದಿದ್ದರೆ ಒದ್ದೆ ಬಟ್ಟೆಯಿಂದ ಒಂದು ಕಡೆ ಒರೆಸಿ. ಹದಿನೈದು ನಿಮಿಷದಲ್ಲಿ ತಾನಾಗಿ ಒಣಗಿದರೆ ಬಳಿಯಬಹುದು, ಇಲ್ಲದಿದ್ದರೆ ಡಬ್ಬಿ ಮುಚ್ಚಿಡಿ. ಎಪಾಕ್ಸಿ ಮೇಲೆ ಎಣ್ಣೆಯಂಥ ಬಿಳಿ ಪೊರೆ ಕಂಡರೆ ಅದು ತೇವಕ್ಕೆ ಹುಟ್ಟಿದ್ದು. ಸಿಹಿನೀರು, ಬ್ರಷ್‌ನಿಂದ ತೊಳೆದು ಒಣಗಿಸದೆ ಮುಂದಿನ ಕೋಟು ಹಾಕಿದರೆ ಹಾಳೆ ಹಾಳೆಯಾಗಿ ಏಳುತ್ತದೆ.

ತಾಮ್ರದ ಪುಡಿ ಭಾರ, ಡಬ್ಬಿಯ ತಳದಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಕೋಲು ಹಾಕಿ ಎರಡು ಸುತ್ತು ತಿರುಗಿಸಿದರೆ ಮೇಲಿನ ಬಣ್ಣವನ್ನು ಮಾತ್ರ ಬಳಿದಂತೆ. ಡ್ರಿಲ್‌ಗೆ ಕಲಕುವ ಕಡ್ಡಿ ಸಿಕ್ಕಿಸಿ ತಳ ತಟ್ಟುವವರೆಗೆ ಕಲಕಿ. ಎರಡು ಕೋಟುಗಳಿಗೆ ಎರಡು ಬಣ್ಣ ಇರಲಿ. ಮುಂದೆ ಕೆಳಗಿನ ಬಣ್ಣ ಕಂಡಾಗ ಮೇಲಿನದು ಸವೆದಿದೆ ಎಂದು ತಿಳಿಯುತ್ತದೆ. ಮೂತಿ, ನೀರಿನ ಗೆರೆ, ಚುಕ್ಕಾಣಿ, ಕೀಲ್ ಅಂಚಿಗೆ ಇನ್ನೊಂದು ಕೋಟು. ದಿಮ್ಮಿ ನಿಂತ ಜಾಗ ಉಳಿಯದಂತೆ ಆಧಾರಗಳನ್ನು ಒಂದೊಂದಾಗಿ ಸರಿಸಿ ಬಳಿಯಿರಿ.

ಪೇಂಟಿಗೆ ಕೀಟನಾಶಕ ಬೆರೆಸುವ 'ಉಪಾಯ' ಯಾರಾದರೂ ಹೇಳಿದರೆ ಕಿವಿಗೊಡಬೇಡಿ. ಹೆಸರು, ತಯಾರಿಕೆ ದಿನಾಂಕ ಇಲ್ಲದ ಅಗ್ಗದ ಡ್ರಮ್ಮೂ ಬೇಡ. ಟ್ರೈಬ್ಯುಟೈಲ್ ಟಿನ್ ಎಂಬ ರಾಸಾಯನಿಕವಿದ್ದ ಹಳೆಯ ಪೇಂಟುಗಳು ಫ್ರಾನ್ಸಿನ ಆರ್ಕಶಾನ್ ಕೊಲ್ಲಿಯ ಕಲಗದ ಕೃಷಿಯನ್ನೇ ಮುಳುಗಿಸಿದ್ದವು, ಚಿಪ್ಪು ವಿಕಾರವಾಗಿ ದಪ್ಪಗಾಗಿ ಮಾಂಸವೇ ಇಲ್ಲದಾಯಿತು. ಫ್ರಾನ್ಸ್ 1982ರಲ್ಲಿ ಅದನ್ನು ಸಣ್ಣ ದೋಣಿಗಳಿಗೆ ನಿಷೇಧಿಸಿತು. ಹಡಗುಗಳ ಮೇಲಿನ ಅಂತರರಾಷ್ಟ್ರೀಯ ನಿಷೇಧ ಜಾರಿಗೆ ಬಂದದ್ದು 2008ರ ಸೆಪ್ಟೆಂಬರ್ 17ರಂದು.

ಮರದ ಬೋಟಿನ ಮಾತು ಸ್ವಲ್ಪ ಬೇರೆ. ಅಲ್ಲಿ ಚಿಪ್ಪಿಗಿಂತ ದೊಡ್ಡ ಶತ್ರು ಮರಕೊರಕ ಹುಳು. ಸೂಜಿಮೊನೆಯಷ್ಟು ತೂತಿನಿಂದ ಮರಿಯಾಗಿ ಒಳಹೊಕ್ಕು ನಾರಿನ ಉದ್ದಕ್ಕೂ ಸುರಂಗ ಕೊರೆಯುತ್ತದೆ, ಹೊರಗೆ ಏನೂ ಕಾಣದು. ಸುತ್ತಿಗೆಯಿಂದ ತಟ್ಟುತ್ತ ಹೋಗಿ, ಟೊಳ್ಳು ಸದ್ದು ಬಂದಲ್ಲಿ ದಬ್ಬಳ ಚುಚ್ಚಿ ನೋಡಿ. ಗೇರುಬೀಜದ ಸಿಪ್ಪೆಯ ಎಣ್ಣೆ, ಮೀನೆಣ್ಣೆ ಮರಕ್ಕೆ ಒಳ್ಳೆಯದು, ಆದರೆ ಅದರ ಮೇಲೆ ಎಪಾಕ್ಸಿ ಹಿಡಿಯುವುದಿಲ್ಲ. ಎಣ್ಣೆ ಪದ್ಧತಿಯೋ ಪೇಂಟ್ ಪದ್ಧತಿಯೋ, ಒಂದನ್ನೇ ಹಿಡಿಯಿರಿ. ಚಿಪ್ಪು ಸಾಯಲೆಂದು ಮರದ ಬೋಟನ್ನು ಮೇ ಬಿಸಿಲಿಗೆ ವಾರಗಟ್ಟಲೆ ಬಿಟ್ಟರೆ ಹಲಗೆ ಕುಗ್ಗಿ ಸಂದು ಬಿಡುತ್ತದೆ. ನೆರಳು ಕಟ್ಟಿ.

ಋತುವಿನ ನಡುವೆ

ಬೋಟು ಎರಡು ವಾರಕ್ಕಿಂತ ಹೆಚ್ಚು ಕಾಲ ಒಂದೇ ಕಡೆ ನಿಂತಿದ್ದರೆ ಒಮ್ಮೆ ಇಣುಕಿ. ಈಗಿನ ಹೆಚ್ಚಿನ ಪೇಂಟುಗಳು ಓಡುವಾಗ ತಾವೇ ಸವೆದು ಹೊಸ ಪದರ ತೋರಿಸುವ ಜಾತಿಯವು. ನಿಂತರೆ ಸವೆಯುವುದಿಲ್ಲ, ಚಿಪ್ಪು ಕೂರುತ್ತದೆ. ಲೋಳೆ ಮಾತ್ರ ಇದ್ದಾಗ ಮೆತ್ತನೆಯ ಸ್ಪಂಜಿನಿಂದ ಒರೆಸಬಹುದು, ಅದೂ ಬೋಟು ತನ್ನ ಮನೆಬಂದರಿನಲ್ಲೇ ಇದ್ದಾಗ. ಕಬ್ಬಿಣದ ಸ್ಕ್ರೇಪರ್ ಹಿಡಿದು ನೀರಿಗೆ ಧುಮುಕಿದರೆ ಅರ್ಧ ಪೇಂಟು ಹೊಳೆಗೆ, ತಾಮ್ರ ಬಳಚಿನ ಹೊಟ್ಟೆಗೆ. ಬಳಚು, ಕಲಗ ನೀರು ಸೋಸಿ ಉಣ್ಣುವ ಜೀವಿಗಳು, ಸೋಸಿದ್ದರಲ್ಲಿರುವ ತಾಮ್ರ ಮೈಯೊಳಗೆ ಕೂಡಿಕೊಳ್ಳುತ್ತದೆ. ಫ್ಯಾನ್ ಮಾತ್ರ ಇದಕ್ಕೆ ಹೊರತು, ಅದಕ್ಕೆ ಪೇಂಟ್ ಇರುವುದಿಲ್ಲ. ಎಂಜಿನ್ ಕೀಲಿ ಮುಳುಗುವವನ ಕೈಯಲ್ಲೇ ಇರುವಾಗ, ಕೆಳಗೆ ಬಲೆಯ ಚೀಲ ಕಟ್ಟಿ ಫ್ಯಾನ್ ಉಜ್ಜಬಹುದು.

ಹೊರಗಿನಿಂದ ಬೋಟು ತರುವಾಗ

ಕೊಚ್ಚಿ, ಮುನಂಬಂ, ಕೊಲ್ಲಂ ಕಡೆ ಹಳೆಯ ಬೋಟು ನೋಡಲು ಹೋದವರು ಎಂಜಿನ್ ಸದ್ದು ಕೇಳುತ್ತಾರೆ, ವಿಂಚ್ ತಿರುಗಿಸಿ ನೋಡುತ್ತಾರೆ, ಕಾಗದಪತ್ರ ನೋಡುತ್ತಾರೆ. ಅದರ ಜೊತೆ ಇಷ್ಟು ಮಾಡಿಕೊಳ್ಳಿ. ಕಳೆದ ಒಂದು ವರ್ಷ ಬೋಟು ಎಲ್ಲೆಲ್ಲಿ, ಎಷ್ಟು ಕಾಲ ನಿಂತಿತ್ತು ಎಂದು ಕೇಳಿ. ಹಿನ್ನೀರಿನಲ್ಲಿ ಕಟ್ಟಿದ್ದು ಎಂದಾದರೆ ಮೈಟೆಲ್ಲಾ ಇದೆಯೆಂದೇ ಊಹಿಸಿ. ಅಲ್ಲೇ ದಡಕ್ಕೆ ಎತ್ತಿಸಿ ಕೆರೆಸುವ ಖರ್ಚನ್ನು ಬೆಲೆಯ ಮಾತಿನಲ್ಲೇ ಸೇರಿಸಿ. ಹೇಗೂ ತಳ ನೋಡದೆ ಬೋಟು ಕೊಳ್ಳುವುದು ಜಾಣತನವಲ್ಲ. ಕೆರೆದು ಪೇಂಟ್ ಮಾಡಿದ ಮೇಲೆ ಮತ್ತೆ ಹಿನ್ನೀರಿನಲ್ಲಿ ತಿಂಗಳು ನಿಲ್ಲಿಸದೆ ಹೊರಡಿಸಿ. ಲಂಗರು, ಅದರ ಸರಪಳಿ ಕೂರುವ ಪೆಟ್ಟಿಗೆ, ಹಳೆಯ ಹಗ್ಗ, ಬದಿಗೆ ಕಟ್ಟಿದ ಟೈರು, ತಳದಲ್ಲಿ ನಿಂತ ನೀರು ಇವೆಲ್ಲ ಮರೆತುಹೋಗುವ ಜಾಗಗಳು. ಟೈರುಗಳನ್ನು ಅಲ್ಲೇ ಬಿಟ್ಟು ಬರುವುದು ಲೇಸು.

ಬಾರ್ಜ್, ಟಗ್ ತರಿಸುವ ಗುತ್ತಿಗೆದಾರರು ದಡ ಹತ್ತಿದ ಕೊನೆಯ ದಿನಾಂಕ, ಆಗ ಬಳಿದ ಪೇಂಟ್, ನಿಂತಿದ್ದ ಬಂದರುಗಳ ಪಟ್ಟಿ ಕೇಳಬೇಕು. ಅಂತರರಾಷ್ಟ್ರೀಯ ಹಡಗುಗಳಿಗೆ ತಳದ ಜೀವಿಗಳ ನಿರ್ವಹಣಾ ಯೋಜನೆ, ದಾಖಲೆ ಪುಸ್ತಕ ಇರಲಿ ಎಂದು 2011ರ ಮಾರ್ಗಸೂಚಿಯೇ ಹೇಳಿತ್ತು. 2017ರ ಸೆಪ್ಟೆಂಬರಿನಲ್ಲಿ ಜಾರಿಯಾದ ಬ್ಯಾಲಸ್ಟ್ ನೀರಿನ ಒಪ್ಪಂದ ಹಡಗಿನ ಹೊಟ್ಟೆಯ ನೀರಿಗೆ ಮಾತ್ರ. ಆ ಪ್ರಮಾಣಪತ್ರ ತೋರಿಸಿದರೆ ತಳ ಶುದ್ಧವಿದೆ ಎಂದಾಗದು.

ಬೋಟಿಗೆ ಸಂಬಂಧವಿಲ್ಲದ ಒಂದು ದಾರಿಯೂ ಇದೆ. ಪಂಜರ ಮೀನುಸಾಕಣೆಯ ಬಲೆ, ನೀಲಿಕಲ್ಲು ಬೆಳೆಸುವ ಹಗ್ಗ, ಮರಿಬೀಜ. ಇವನ್ನು ಒಂದು ಅಳಿವೆಯಿಂದ ಇನ್ನೊಂದಕ್ಕೆ ಒಯ್ಯುವ ಮೊದಲು ಬಲೆ, ಹಗ್ಗವನ್ನು ಪೂರ್ತಿ ಒಣಗಿಸಬೇಕು. ಕೇರಳದ ಹಿನ್ನೀರಿನಿಂದ ಮರಿಬೀಜ ತರುವುದನ್ನು ನಾವಂತೂ ಒಪ್ಪುವುದಿಲ್ಲ. ಆ ಗೊಂಚಲಲ್ಲಿ ಯಾವ ಮರಿ ಯಾವುದೆಂದು ಬೇರ್ಪಡಿಸಲು ಪರಿಣತರಿಗೂ ಕಷ್ಟ.

ಸಂಶಯದ ಚಿಪ್ಪು ಸಿಕ್ಕರೆ

ಪಕ್ಕದಲ್ಲಿ ಸ್ಕೇಲ್ ಅಥವಾ ನಾಣ್ಯ ಇಟ್ಟು ಹೊರಗೆ, ಒಳಗೆ ಎರಡೂ ಬದಿಯ ಚಿತ್ರ ತೆಗೆಯಿರಿ. ಹತ್ತಿಪ್ಪತ್ತು ಚಿಪ್ಪುಗಳನ್ನು ಜಿಪ್ ಚೀಲಕ್ಕೆ ಹಾಕಿ ಫ್ರೀಜರ್‌ನಲ್ಲಿಡಿ, ಒಂದೆರಡನ್ನು ಸ್ಪಿರಿಟ್‌ನಲ್ಲಿ ಮುಳುಗಿಸಿ. ಫಾರ್ಮಲಿನ್ ಬೇಡ, ಡಿಎನ್ಎ ಪರೀಕ್ಷೆಗೆ ಅದು ಕೆಡುಕು. ದಿನಾಂಕ, ಜಾಗ, ಬೋಟು ಎಲ್ಲಿಂದ ಬಂತು ಎಂದು ಪೆನ್ಸಿಲಿನಲ್ಲಿ ಚೀಟಿ ಬರೆದು ಚೀಲದೊಳಗೇ ಹಾಕಿ. ಕಾರವಾರದಲ್ಲಿರುವ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರ, ಕೋಡಿಬಾಗದ ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರ ವಿಭಾಗ, ಇಲ್ಲವೇ ಹತ್ತಿರದ ಮೀನುಗಾರಿಕೆ ಇಲಾಖೆ ಕಚೇರಿಗೆ ತಲುಪಿಸಿ. ಗುರುತು ಖಚಿತವಾಗುವವರೆಗೆ, ಬೋಟು ದಡದಲ್ಲಿದ್ದರೆ ಇಳಿಸಬೇಡಿ. ನೀರಲ್ಲಿದ್ದರೆ ಇದ್ದ ಜಾಗದಿಂದ ಬೇರೆ ಬಂದರಿಗೆ ಒಯ್ಯಬೇಡಿ, ಹೊಳೆಯ ಮೇಲ್ಭಾಗಕ್ಕಂತೂ ಬೇಡ. ಅದರ ಪಕ್ಕದಲ್ಲಿ ಕಟ್ಟಿದ್ದ ಬೋಟುಗಳ ನೀರಿನ ಗೆರೆ, ಹಗ್ಗ ಮತ್ತು ದಕ್ಕೆಯ ಕಂಬಗಳನ್ನು ಮರುದಿನದ ಇಳಿತದಲ್ಲೇ ನೋಡಿ.